ಗೋಕಾಕದ ಕಾಲುವೆಯೂ ಗಿರಣಿಯೂ: ಮಾರ್ಗದರ್ಶಿ ಬರಹಗಳ ಒಂದು ವಿಮರ್ಶೆ

ಗೋಕಾಕವೆಂದೊಡನೆ ನಮ್ಮ ಕಡೆಯ ವಿದ್ಯಾರ್ಥಿಗಳಿಗೆ ನೆನಪಾಗುವುದು ಕರದಂಟು. ಸ್ವಲ್ಪ ಓದಿಕೊಂಡವರಿಗೆ 1982ರ ಭಾಷಾ ಚಳವಳಿ. ಆ ಚಳವಳಿಗೆ ಹೆಸರು ಕೊಟ್ಟದ್ದು ಊರಲ್ಲ, ವರದಿಯನ್ನು ಬರೆದ ಸಮಿತಿಯ ಅಧ್ಯಕ್ಷರಾಗಿದ್ದ ವಿ. ಕೃ. ಗೋಕಾಕರು ಎಂಬುದನ್ನು ತರಗತಿಯಲ್ಲಿ ಪ್ರತಿವರ್ಷವೂ ಹೇಳಬೇಕಾಗುತ್ತದೆ. ಊರಿನ ವಿಷಯಕ್ಕೆ ಬಂದರೆ, ನಮ್ಮ ಪ್ರವಾಸಿ ಕೈಪಿಡಿಗಳೆಲ್ಲವೂ ಒಂದೇ ಪಾಠವನ್ನು ಒಪ್ಪಿಸುತ್ತವೆ. ಘಟಪ್ರಭೆಯು ಮರಳುಗಲ್ಲಿನ ಬಂಡೆಯ ಮೇಲಿಂದ 52 ಮೀಟರು ಧುಮುಕುತ್ತದೆ. ಅಂಚು ಕುದುರೆಲಾಳದ ಆಕಾರದಲ್ಲಿದೆ. 201 ಮೀಟರು ಉದ್ದದ ತೂಗುಸೇತುವೆಯೊಂದಿದೆ. ಚಾಲುಕ್ಯ ಶೈಲಿಯ ಮಹಾಲಿಂಗೇಶ್ವರ ದೇವಾಲಯವಿದೆ. 1887ರಲ್ಲಿ ಇಲ್ಲಿ ಮೊದಲಬಾರಿಗೆ ವಿದ್ಯುತ್ತನ್ನು ಉತ್ಪಾದಿಸಲಾಯಿತು. ಈ ಐದು ಮಾತುಗಳಲ್ಲಿ ಮೊದಲ ನಾಲ್ಕರ ಬಗೆಗೆ ನಮ್ಮ ತಕರಾರಿಲ್ಲ. ಐದನೆಯದನ್ನು ಪರೀಕ್ಷಿಸದೆ ವಿದ್ಯಾರ್ಥಿಗಳ ಟಿಪ್ಪಣಿ ಪುಸ್ತಕಕ್ಕೆ ಸೇರಿಸುವುದು ಉಚಿತವಲ್ಲ. ಅದಕ್ಕಿಂತ ಹೆಚ್ಚಾಗಿ, ಈ ಬಗೆಯ ವರ್ಣನೆಯನ್ನು ಕೈಯಲ್ಲಿ ಹಿಡಿದು ಹೋದವನಿಗೆ ಆ ಪ್ರದೇಶದಲ್ಲಿ ಯಾವುದು ಯಾವುದಕ್ಕಾಗಿ ಇದೆ ಎಂಬುದೇ ತಿಳಿಯುವುದಿಲ್ಲ.

ದಾರಿ ತಪ್ಪುವುದು ರೈಲಿನಲ್ಲಿಯೇ ಆರಂಭವಾಗುತ್ತದೆ. ಬೆಳಗಾವಿಯಿಂದ ಮಿರಜಿನ ಕಡೆಗೆ ಹೋಗುವ ಮಾರ್ಗದಲ್ಲಿ 'ಗೋಕಾಕ ರೋಡ್' ಎಂಬ ನಿಲ್ದಾಣವಿದೆ. ಹೆಸರನ್ನು ನಂಬಿ ಅಲ್ಲಿ ಇಳಿಯೋಣವೆಂದು ನಾನೇ ನಮ್ಮ ವಿದ್ಯಾರ್ಥಿಗಳಿಗೆ ಹೇಳಿದ್ದೆನೆಂಬುದನ್ನು ಒಪ್ಪಿಕೊಳ್ಳಬೇಕು. ಡಬ್ಬಿಯಲ್ಲಿದ್ದ ಹಿರಿಯರೊಬ್ಬರು ತಡೆದರು. ಗೋಕಾಕ ಪಟ್ಟಣಕ್ಕೆ ರೈಲಿಲ್ಲ. ಜಲಪಾತವಿರುವುದು ಪಟ್ಟಣದಲ್ಲಿಯೂ ಅಲ್ಲ, ಅಲ್ಲಿಂದ ಸುಮಾರು 6 ಕಿಲೋಮೀಟರು ಆಚೆ, ಅದೇ ಹೆಸರಿನ ಗಿರಣಿಯೂರಿನಲ್ಲಿ. ಇಳಿಯಬೇಕಾದದ್ದು ಘಟಪ್ರಭಾ ನಿಲ್ದಾಣದಲ್ಲಿ. ಇದು ಕೇವಲ ಪ್ರಯಾಣದ ಅನುಕೂಲದ ಮಾತಲ್ಲ. ಘಟಪ್ರಭೆಯಲ್ಲಿ ಇಳಿದವನಿಗೆ ಧೂಪದಾಳದ ಒಡ್ಡು ಹತ್ತಿರ. ನೋಡತಕ್ಕದ್ದನ್ನು ಅವನು ನೀರು ಹರಿಯುವ ಕ್ರಮದಲ್ಲಿಯೇ ನೋಡಬಹುದು. ಬೆಳಗಾವಿಯಿಂದ ಬಸ್ಸಿನಲ್ಲಿ ನೆಟ್ಟಗೆ ಜಲಪಾತಕ್ಕೆ ಬಂದು ಇಳಿದವನು ಕಥೆಯ ಕೊನೆಯ ಪುಟವನ್ನು ಮೊದಲು ತೆರೆದಂತಾಗುತ್ತದೆ.

ಈ ಕೈಪಿಡಿಗಳ ಕಣ್ಣಿಗೆ ಜಲಪಾತವೊಂದೇ ಏಕೆ ಬೀಳುತ್ತದೆ? ಕಾರಣವನ್ನು ಊಹಿಸಬಹುದು. ಬೆಳಗಾವಿ ಜಿಲ್ಲೆಯನ್ನು ಕುರಿತು ಕ್ಯಾಂಪ್‌ಬೆಲ್ ಅವರ ಸಂಪಾದಕತ್ವದಲ್ಲಿ ಮುಂಬಯಿ ಗೆಜೆಟಿಯರಿನ ಸಂಪುಟವು ಪ್ರಕಟವಾದದ್ದು 1884ರಲ್ಲಿ. ಗಿರಣಿಯನ್ನು ಕಟ್ಟಿದ ಕಂಪೆನಿಯು ಸ್ಥಾಪಿತವಾದದ್ದು 1885ರಲ್ಲಿ. ನೂಲುವ ಕೆಲಸ ಮೊದಲಾದದ್ದು 1887ರಲ್ಲಿ. ಜಿಲ್ಲೆಯ ಅತ್ಯಂತ ಅಧಿಕೃತವೆಂದು ನಾವು ನೆಚ್ಚುವ ಗ್ರಂಥವು ಗಿರಣಿ ಹುಟ್ಟುವುದಕ್ಕೆ ಒಂದು ವರ್ಷ ಮುಂಚಿನದು. ಅಲ್ಲಿ ನದಿಯಿದೆ, ಬಂಡೆಯಿದೆ, ದೇವಾಲಯವಿದೆ, ನೂಲಿಲ್ಲ. ಗೆಜೆಟಿಯರಿನ ಮೇಲೆ ಅದಕ್ಕಾಗಿ ತಪ್ಪು ಹೊರಿಸಲಾಗದು. ಅದರ ಅನಂತರ ಬರೆದವರು ಆ ಚಿತ್ರದ ಅಂಚಿನಲ್ಲಿ ಗಿರಣಿಯನ್ನೂ ಸೇತುವೆಯನ್ನೂ ಅಂಟಿಸಿ ತೃಪ್ತರಾದರೆಂಬುದೇ ಆಕ್ಷೇಪ.

ಇನ್ನು ವಿದ್ಯುತ್ತಿನ ಮಾತು. ಕಂಪೆನಿಯು ತನಗೆ ತಾನೇ ಇಟ್ಟುಕೊಂಡ ಹೆಸರು 'ಗೋಕಾಕ್ ವಾಟರ್ ಪವರ್ ಅಂಡ್ ಮ್ಯಾನುಫ್ಯಾಕ್ಚರಿಂಗ್ ಕಂಪೆನಿ'. ಅದರಲ್ಲಿ ಮೊದಲು ಬರುವುದು ನೀರಿನ ಬಲ, ಆಮೇಲೆ ತಯಾರಿಕೆ. ವಿದ್ಯುತ್ತಿನ ಹೆಸರೇ ಇಲ್ಲ. ಆರಂಭದ ಏರ್ಪಾಡು ಹೀಗಿತ್ತು: ಕಾಲುವೆಯಿಂದ ಬಂದ ನೀರು ಕೊಳವೆಗಳ ಮೂಲಕ ಕಮರಿಯ ತಳಕ್ಕೆ ಇಳಿದು ಅಲ್ಲಿನ ಟರ್ಬೈನುಗಳನ್ನು ತಿರುಗಿಸುತ್ತಿತ್ತು. ಆ ತಿರುಗುವಿಕೆಯು ದೊಡ್ಡ ಗಾಲಿಗಳ ಮೇಲೆ ಓಡುವ ತಂತಿಹಗ್ಗಗಳಿಂದ ಬಂಡೆಯ ನೆತ್ತಿಯ ಮೇಲಿದ್ದ ಗಿರಣಿಗೆ ಏರಿ ಬಂದು ಕದಿರುಗಳನ್ನು ಓಡಿಸುತ್ತಿತ್ತು. ಬಲವು ಹೋದದ್ದು ಹಗ್ಗದಲ್ಲಿ, ತಾಮ್ರದ ತಂತಿಯಲ್ಲಲ್ಲ. ಬಾವಿಯ ರಾಟೆಯನ್ನು ಬಲ್ಲ ನಮ್ಮ ಹಳ್ಳಿಯ ಹುಡುಗರಿಗೆ ಇದನ್ನು ಅರ್ಥಮಾಡಿಸುವುದು ಕಷ್ಟವಲ್ಲ. ಹಗ್ಗದ ಮೂಲಕ ಬಲವನ್ನು ಸಾಗಿಸುವ ಇಂಥ ಏರ್ಪಾಡುಗಳು ಯುರೋಪಿನಲ್ಲಿ ಶಾಫ್‌ಹೌಸನ್ ಮೊದಲಾದೆಡೆ ಇದ್ದವು. ವಿದ್ಯುತ್ತು ಆ ಕೆಲಸವನ್ನು ವಹಿಸಿಕೊಂಡ ಮೇಲೆ ಈ ಹಗ್ಗದ ವಿದ್ಯೆ ಹಿಂದೆ ಬಿತ್ತು.

ಮುಂದೆ ಗೋಕಾಕದಲ್ಲಿಯೂ ವಿದ್ಯುತ್ತು ಬಂದಿತೆಂಬುದು ನಿಜ. ಆದರೆ ಗಿರಣಿ ಆರಂಭವಾದ ವರ್ಷವನ್ನೂ ವಿದ್ಯುತ್ತನ್ನೂ ಒಂದೇ ವಾಕ್ಯದಲ್ಲಿ ಗಂಟುಹಾಕಿದ್ದರಿಂದ ಒಂದು ದಾಖಲೆ ಹುಟ್ಟಿತು, ಒಂದು ಸಂಗತಿ ಅಳಿಯಿತು. ಭಾರತದಲ್ಲಿ ಜಲವಿದ್ಯುತ್ತಿನ ಆರಂಭವೆಂದು ಸಾಮಾನ್ಯವಾಗಿ ಎಣಿಸುವುದು ಡಾರ್ಜಿಲಿಂಗಿನ ಹತ್ತಿರದ ಸಿದ್ರಾಪೊಂಗನ್ನು, 1897ರಲ್ಲಿ. ನಮ್ಮ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗೆ ವಿದ್ಯುತ್ತು ಹೋದದ್ದು 1902ರಲ್ಲಿ. ಇವುಗಳ ಜೊತೆ ಓಟಕ್ಕೆ ನಿಲ್ಲಿಸಿ ಗೋಕಾಕಕ್ಕೆ ಮೊದಲ ಸ್ಥಾನ ಕೊಡಿಸುವ ಅಭಿಮಾನವು ಅರ್ಥವಾಗುವಂಥದೇ. ಗೋಕಾಕದ ವೈಶಿಷ್ಟ್ಯವಾದರೋ ಬೇರೆ. ಮುಂಬಯಿಯ ಗಿರಣಿಗಳು ಕಲ್ಲಿದ್ದಲನ್ನು ಸುಟ್ಟು ಉಗಿಯಿಂದ ನೂಲು ತೆಗೆಯುತ್ತಿದ್ದ ಕಾಲದಲ್ಲಿ, ಕಲ್ಲಿದ್ದಲಿನ ಗಣಿಗಳಿಗೆ ದೂರವಾಗಿಯೂ ಹತ್ತಿ ಬೆಳೆಯುವ ಎರೆಯ ನೆಲಕ್ಕೆ ಸಮೀಪವಾಗಿಯೂ ಇದ್ದ ಒಂದೆಡೆಯಲ್ಲಿ ನದಿಯ ಇಳಿತವನ್ನೇ ಇಂಧನವಾಗಿ ಮಾಡಿಕೊಂಡದ್ದು. 'ಮೊದಲು' ಎಂಬ ಪದವಿಯ ಆಸೆಯಲ್ಲಿ ಈ ಕಾರಣಪರಂಪರೆಯನ್ನು ಕಳೆದುಕೊಂಡರೆ ಇತಿಹಾಸದ ವಿದ್ಯಾರ್ಥಿಗೆ ನಷ್ಟವೇ.

ಆದುದರಿಂದ ಧೂಪದಾಳದಿಂದ ಹೊರಡಬೇಕು. ಅಲ್ಲಿಯ ಒಡ್ಡು ನದಿಯನ್ನು ತಡೆದು ನಿಲ್ಲಿಸಿದ ನೀರಿನ ಹರವು ಇಂದು ಪಕ್ಷಿಧಾಮವೂ ಆಗಿದೆ (1974). ಚಳಿಗಾಲದಲ್ಲಿ ಹೋದರೆ ಕೊಕ್ಕರೆಗಳನ್ನು ನೋಡಲು ಬಂದವರೇ ಹೆಚ್ಚು ಸಿಗುತ್ತಾರೆ. ಒಡ್ಡಿನ ನೀರು ಎರಡು ಕೆಲಸಕ್ಕೆ ಹೋಗುತ್ತದೆ: ಎಡದಂಡೆಯ ಕಾಲುವೆಯಿಂದ ಹೊಲಗಳಿಗೆ, ಇನ್ನೊಂದು ಪಾಲು ಗಿರಣಿಗೆ. ನೀರಾವರಿಯ ವಿವರಣೆಗಳು ಒಡ್ಡಿಗೆ 1897ನೆಯ ವರ್ಷವನ್ನು ಕೊಡುತ್ತವೆ, ಗಿರಣಿಯನ್ನು ನೆನೆಯುವುದಿಲ್ಲ. ಪ್ರವಾಸಿ ಕೈಪಿಡಿಗಳು 1887ನ್ನು ಕೊಡುತ್ತವೆ, ಒಡ್ಡನ್ನು ನೆನೆಯುವುದಿಲ್ಲ. ಒಂದೇ ನೀರಿನ ಮೇಲೆ ಬರೆದ ಎರಡು ಬಗೆಯ ಬರಹಗಳು ಒಂದನ್ನೊಂದು ಓದಿಲ್ಲ. ಎರಡನ್ನೂ ಪಕ್ಕಪಕ್ಕದಲ್ಲಿ ಇಟ್ಟೊಡನೆ ನಡುವಣ ಹತ್ತು ವರ್ಷಗಳ ಪ್ರಶ್ನೆ ಏಳುತ್ತದೆ. ಸಂಶೋಧನ ವಿದ್ಯಾರ್ಥಿಗೆ ಇದು ಒಳ್ಳೆಯ ವಿಷಯ. ತುಮಕೂರಿನವರಾದ ನಮಗೆ ಈ ಇಬ್ಬಗೆಯ ಉಪಯೋಗ ಹೊಸದಲ್ಲ. ಗುಬ್ಬಿಯ ಹೊಲಗಳ ಪಕ್ಕದಲ್ಲಿ ಹರಿಯುವ ಹೇಮಾವತಿಯ ನಾಲೆಯೇ ಬುಗುಡನಹಳ್ಳಿಯ ಕೆರೆಯನ್ನು ಸೇರಿ ಸದಾಶಿವನಗರದ ನಮ್ಮ ಮನೆಗಳ ನಲ್ಲಿಗೂ ಬರುತ್ತದೆ. ಯಾರ ಪಾಲು ಎಷ್ಟೆಂಬ ಜಗಳವೂ ನಮಗೆ ಪರಿಚಿತವೇ.

ಧೂಪದಾಳದಿಂದ ಜಲಪಾತದ ಕಡೆಗೆ ಬರುವಾಗ ಕೊಣ್ಣೂರು ಸಿಗುತ್ತದೆ. ಬೃಹತ್ ಶಿಲಾಯುಗದ ಕಲ್ಗೋರಿಗಳಿಂದಲೂ ರಟ್ಟರ ಕಾಲದ ಶಾಸನದಿಂದಲೂ ಅದು ನಮ್ಮ ಇಲಾಖೆಯವರಿಗೆ ಪರಿಚಿತ ಹೆಸರು. ಆಮೇಲೆ ಗಿರಣಿ. ಆಮೇಲೆ ಕಮರಿ. ಈ ಕ್ರಮದಲ್ಲಿ ಬಂದವನಿಗೆ, ಗಿರಣಿಯು ಬಂಡೆಯ ತುದಿಯಲ್ಲಿಯೇ ಏಕೆ ಕುಳಿತಿದೆ ಎಂದು ಯಾರೂ ಹೇಳಬೇಕಾಗಿಲ್ಲ. ಬೇಸಿಗೆಯಲ್ಲಿ ಬಂದು ಬರಿಯ ಬಂಡೆಯನ್ನು ಕಂಡು ನಿರಾಶರಾಗುವವರು ಬಹುಮಂದಿ. ಕೈಪಿಡಿಗಳೂ ಜೂನಿನಿಂದ ಸೆಪ್ಟೆಂಬರಿನವರೆಗೆ ಮಾತ್ರ ಬರಬೇಕೆನ್ನುತ್ತವೆ. ಸೌಂದರ್ಯಕ್ಕೆ ಅದು ಸರಿ. ಮೇಲೆ ಹಿಡಕಲ್ಲಿನ ಅಣೆಕಟ್ಟು, ಕೆಳಗೆ ಒಡ್ಡು, ಕಾಲುವೆ: ನದಿಯನ್ನು ಎಷ್ಟು ಕೈಗಳು ಹಿಡಿದಿವೆಯೆಂಬುದು ಕಾಣಿಸುವುದು ಬತ್ತಿದ ಬಂಡೆಯಲ್ಲಿಯೇ.

ಹೋಲಿಕೆಗೆ ಅಮೆರಿಕದ ಲೋವೆಲ್ ನಗರವನ್ನು ನೋಡಬಹುದು. ಮೆರಿಮ್ಯಾಕ್ ನದಿಯ ಪಾಟಕೆಟ್ ಜಲಪಾತದ ಇಳಿತ ಕೇವಲ 32 ಅಡಿ, ನಮ್ಮದು 170. ಅಲ್ಲಿ ಇಳಿತ ಕಡಮೆ, ನೀರು ಹೆಚ್ಚು. ಆದ್ದರಿಂದ ಕಾಲುವೆಗಳನ್ನು ಊರೆಲ್ಲ ಸುತ್ತಿಸಿ ಹಲವು ಗಿರಣಿಗಳಿಗೆ ನೀರು ಹಂಚಿದರು. ಇಲ್ಲಿ ಇಳಿತ ಹೆಚ್ಚು. ಒಂದೇ ಬಂಡೆಯ ಅಂಚಿನಲ್ಲಿ ಒಂದೇ ಗಿರಣಿ. ಲೋವೆಲನ್ನು 1978ರಲ್ಲಿ ರಾಷ್ಟ್ರೀಯ ಐತಿಹಾಸಿಕ ಉದ್ಯಾನವೆಂದು ಘೋಷಿಸಿದಾಗ ಗಿರಣಿಯ ಕಟ್ಟಡಗಳಷ್ಟೇ ಕಾಲುವೆಗಳಿಗೂ ಕಾರ್ಮಿಕರ ವಸತಿಗೂ ಬೆಲೆ ಕೊಟ್ಟರು. ಗೋಕಾಕವನ್ನು ಲೋವೆಲಿನಂತೆ ಮಾಡಬೇಕೆಂದು ನಾನು ಹೇಳುತ್ತಿಲ್ಲ. ಅಲ್ಲಿಯ ಅಚ್ಚುಕಟ್ಟುತನ ಇಲ್ಲಿಗೆ ಒಗ್ಗುವುದೂ ಸಂಶಯ. ಆದರೆ ತೂಗುಸೇತುವೆಯ ಉದ್ದವನ್ನು ಮೀಟರಿನಲ್ಲಿ ಅಳೆದು ಹೇಳುವ ನಮ್ಮ ಬರಹಗಳು, ಪಾಳಿಯ ಹೊತ್ತಿಗೆ ಗಿರಣಿಗೆ ನಡೆದ ತಲೆಮಾರುಗಳನ್ನು ಕುರಿತು ಒಂದು ವಾಕ್ಯವನ್ನೂ ಬರೆಯದಿರುವುದು ಸಣ್ಣ ಲೋಪವಲ್ಲ.

ನಮ್ಮ ವಿದ್ಯಾರ್ಥಿಗಳು ಹಿಂದಿರುಗಿದ ಮೇಲೆ ಒಂದು ನಕ್ಷೆಯನ್ನು ಬರೆದರು. ಮೊದಲ ಪ್ರತಿಯಲ್ಲಿ ಜಲಪಾತ ನಡುವೆ ದೊಡ್ಡದಾಗಿತ್ತು, ಉಳಿದವೆಲ್ಲ ಸುತ್ತಲೂ. ಎರಡನೆಯದರಲ್ಲಿ ಘಟಪ್ರಭಾ ನಿಲ್ದಾಣದಿಂದ ಆರಂಭಿಸಿ, ಒಡ್ಡು, ಕಾಲುವೆ, ಕೊಣ್ಣೂರು, ಗಿರಣಿ, ಕೊಳವೆ, ಟರ್ಬೈನು ಎಂದು ನೀರಿನ ಜಾಡಿನಲ್ಲಿ ಅಂಕಿ ಹಾಕಿದ್ದಾರೆ. ಜಲಪಾತದ ಅಂಕಿ ಎಂಟು.