ವಾರಿಸ್ ಷಾಹನ ‘ಹೀರ್’ ಕಾವ್ಯದ ಅಂತ್ಯ

ಪಂಚನದ ದೇಶದ ಹೀರ್-ರಾಂಝಾ ಕಥೆಗೆ ಎರಡು ಬಗೆಯ ಅಂತ್ಯಗಳುಂಟು. ಅಕ್ಬರನ ಆಳಿಕೆಯನ್ನು ಸ್ಮರಿಸುವ ದಾಮೋದರ ಕವಿಯು, ತಾನು ಕಣ್ಣಾರೆ ಕಂಡುದನ್ನೇ ಹೇಳುತ್ತಿರುವೆನೆಂದು ಸಾರಿ, ಪ್ರೇಮಿಗಳನ್ನು ಕೂಡಿಸಿ ಮೆಕ್ಕೆಯ ಕಡೆಗೆ ಕಳುಹಿಸುತ್ತಾನೆ. 1766ರಲ್ಲಿ ಮುಗಿದ ವಾರಿಸ್ ಷಾಹನ ಕಾವ್ಯದಲ್ಲಾದರೋ ಹೀರಳು ತವರಿನವರಿತ್ತ ವಿಷದಿಂದ ಮಡಿಯುತ್ತಾಳೆ. ವಾರ್ತೆಯನ್ನು ಕೇಳಿದ ರಾಂಝನೂ ಅಸುನೀಗುತ್ತಾನೆ. ಮಂಗಳಾಂತವಾದ ಕಥೆಗೆ ಈ ಮರಣವನ್ನು ಹೊರಗಿನಿಂದ ತಂದು ಅಂಟಿಸಿದೆಯೆಂದು ಆಕ್ಷೇಪಿಸಬಹುದು. ಕಾವ್ಯವನ್ನು ಮೊದಲಿನಿಂದ ಓದಿಕೊಂಡು ಬಂದವರಿಗೆ ಹಾಗೆ ತೋರದು.

ಝಂಗಿನ ಸಿಯಾಲರ ಮಗಳಾದ ಹೀರಳು ತನ್ನ ಮನೆಯ ಎಮ್ಮೆ ಕಾಯುವ ರಾಂಝನಿಗೆ ಒಲಿದವಳು. ಆಕೆಯನ್ನು ರಂಗಪುರದ ಖೇಡಾ ಮನೆತನದ ಸೈದನಿಗೆ ಕೊಡುವಾಗ ಕಾಜಿಯೊಡನೆ ನಡೆಯುವ ವಾದವೇ ಕಾವ್ಯದ ಮರ್ಮಸ್ಥಾನ. ವಧುವಿನ ಒಪ್ಪಿಗೆಯಿಲ್ಲದ ನಿಕಾಹವು ಧರ್ಮಶಾಸ್ತ್ರಕ್ಕೇ ವಿರುದ್ಧವೆಂದು ಆಕೆ ಕಾಜಿಗೇ ಶಾಸ್ತ್ರವನ್ನು ಹೇಳುತ್ತಾಳೆ. ವಾದದಲ್ಲಿ ಗೆದ್ದವಳು ಅವಳು. ಡೋಲಿಯಲ್ಲಿ ಕುಳಿತು ಹೋಗಬೇಕಾದವಳೂ ಅವಳೇ. ಶಾಸ್ತ್ರಕ್ಕಿಂತ ಕುಲದ ಮಾನವು ಬಲವತ್ತರವೆಂಬುದು ಇಲ್ಲಿಯೇ ನಿಶ್ಚಿತವಾಯಿತು. ಮುಂದೆ ರಾಂಝನು ಬಾಲನಾಥನಿಂದ ದೀಕ್ಷೆ ಪಡೆದು ಜೋಗಿಯಾಗಿ ಬರುವುದು, ನಾದಿನಿ ಸೆಹತಿಯೊಡನೆ ಅವನ ಜಗಳ, ಪಲಾಯನ—ಇವು ರಂಜಕವಾಗಿವೆ. ಜಗಳವು ತುಸು ದೀರ್ಘವಾಯಿತೆಂದರೂ ತಪ್ಪಿಲ್ಲ.

ಕೊನೆಗೆ ಅದಲೀ ರಾಜನು ಹೀರಳನ್ನು ರಾಂಝನಿಗೆ ಒಪ್ಪಿಸುತ್ತಾನೆ. ಈ ಎಡೆಯಲ್ಲಿಯೇ ವಾರಿಸನು ತನ್ನ ಶಕ್ತಿಯನ್ನು ತೋರಿದ್ದಾನೆ. ಮದುವೆಯಾಗದೆ ಹಜಾರಾಕ್ಕೆ ಕಾಲಿಟ್ಟರೆ ಅಲ್ಲಿಯ ಹೆಂಗಸರು ಆಡಿಕೊಳ್ಳುವರೆಂಬ ಅಳುಕು ಹೀರಳಿಗೇ ಹುಟ್ಟುತ್ತದೆ. ಸಿಯಾಲರು ಆದರದಿಂದ ಕರೆದೊಯ್ದು, ಬಂಧುಗಳೊಡನೆ ದಿಬ್ಬಣ ತರಹೇಳಿ ರಾಂಝನನ್ನು ಊರಿಗೆ ಕಳುಹಿಸುತ್ತಾರೆ. ಕಾಜಿಯನ್ನು ಎದುರಿಸಿದವಳು ನಾಲ್ವರ ಮಾತಿಗೆ ಅಂಜಿದುದು ಪಾತ್ರದೋಷವಲ್ಲ. ಅವಳೂ ಆ ಕುಲದಲ್ಲಿಯೇ ಬೆಳೆದವಳು. ಅರಸನ ತೀರ್ಪು ಊರಬಾಗಿಲವರೆಗೆ ಬಂದೀತು, ಅಡುಗೆಮನೆಯೊಳಕ್ಕೆ ಬಾರದು.

ನಮ್ಮ ಆಲಂಕಾರಿಕರು ಸಮಾಗಮದ ಆಸೆಯುಳಿದ ದುಃಖವನ್ನು ವಿಪ್ರಲಂಭವೆಂದೂ, ಅದು ಅಳಿದುದನ್ನು ಕರುಣವೆಂದೂ ವಿಂಗಡಿಸಿದರು. ಈ ಕಾವ್ಯದಲ್ಲಿ ಆಸೆಯು ಸಫಲವಾದ ಕ್ಷಣದಲ್ಲಿಯೇ ಕರುಣವು ಮೊಳೆಯುತ್ತದೆ.

ಹೀರಳು ಆತ್ಮ, ರಾಂಝನು ದೇಹವೆಂದು ಅರ್ಥಹೇಳುವ ಪದ್ಯವೊಂದು ಕಾವ್ಯದ ಕೊನೆಯಲ್ಲಿ ದೊರೆಯುತ್ತದೆ. ಅದು ಪ್ರಕ್ಷಿಪ್ತವೆಂದು ಕೆಲವು ವಿದ್ವಾಂಸರ ಮತ. ಕವಿಯದೇ ಆಗಿದ್ದರೂ, ಚಿಕ್ಕಪ್ಪ ಕೈದೋ ಮೊದಲಾದವರು ಕೂಡಿ ಮಗಳಿಗೆ ವಿಷವಿಕ್ಕಿದ ಮನೆಯನ್ನು ಆ ಅರ್ಥವು ಮರೆಸಲಾರದು.