ಶಕ್ತಿ ಗುಳಿಗೆಯ ಗೌರವ

ಬಾಗಲಕೋಟೆಯ ಯಾವುದೇ ಔಷಧದಂಗಡಿಯ ಮುಂದೆ ನಿಂತು “ಒಂದಿಷ್ಟು ಶಕ್ತಿ ಗುಳಿಗಿ ಕೊಡ್ರಿ” ಎನ್ನುವವನಿಗೆ ತನ್ನ ದೇಹದಲ್ಲಿ ಕೊರತೆಯಾದುದು ಯಾವುದೆಂದು ತಿಳಿದಿರುವುದಿಲ್ಲ, ಕೊಡುವವನು ಕೇಳುವುದೂ ಇಲ್ಲ. ಉಭಯರ ಅಜ್ಞಾನದ ಮೇಲೆಯೇ ನಿಂತ ಈ ವ್ಯವಹಾರವು ಬಾದಾಮಿ, ಹುನಗುಂದ, ಇಳಕಲ್ಲುಗಳಲ್ಲಿಯೂ ಆರೋಗ್ಯರಕ್ಷಣೆಯೆಂಬ ಹೆಸರಿನಿಂದ ಸಲ್ಲುತ್ತಿರುವುದರಿಂದ ಅದರ ಗುಣದೋಷವಿವೇಚನೆ ಅವಶ್ಯವಾಗಿದೆ.

ಕೊರತೆಗಳು ಕಲ್ಪಿತವೆಂದು ಯಾರೂ ಹೇಳಲಾರರು. ಜೋಳವನ್ನೇ ನೆಮ್ಮಿ ಬದುಕುವ ದಖ್ಖಣದ ಬಡವರನ್ನು ಕಾಡುತ್ತಿದ್ದ, ಬಿಸಿಲು ತಾಗಿದೆಡೆಯಲ್ಲಿ ಚರ್ಮ ಕಪ್ಪಿಟ್ಟು ಸುಲಿಯುವ ಪೆಲ್ಲಾಗ್ರ ವ್ಯಾಧಿಯನ್ನು ಹೈದರಾಬಾದಿನಲ್ಲಿ ಪೋಷಣಾ ವಿಜ್ಞಾನಿ ಸಿ. ಗೋಪಾಲನ್ ಮತ್ತು ಅವರ ಸಹೋದ್ಯೋಗಿಗಳು 1960ರ ಸುಮಾರಿಗೆ ಪರಿಶೀಲಿಸಿ, ಆ ಧಾನ್ಯದಲ್ಲಿ ಅಧಿಕವಾಗಿರುವ ಲ್ಯೂಸಿನ್ ಎಂಬ ಅಂಶವು ನಿಯಾಸಿನ್ ಜೀವಸತ್ತ್ವದ ಉಪಯೋಗಕ್ಕೆ ಅಡ್ಡಿಯಾಗುವುದೆಂದು ಊಹಿಸಿದರು. ಬನಶಂಕರಿಯ ಜಾತ್ರೆಯಲ್ಲಿ ಬುಟ್ಟಿ ಹೊತ್ತು ಬರುವ ಹೆಣ್ಣುಮಕ್ಕಳು ರೊಟ್ಟಿಯೊಡನೆ ಶೇಂಗಾ ಹಿಂಡಿ, ಕಾಳುಪಲ್ಯ, ಗಟ್ಟಿ ಮೊಸರು ಬಡಿಸುವರಷ್ಟೆ; ಶೇಂಗಾದಲ್ಲಿ ನಿಯಾಸಿನ್ ಸಮೃದ್ಧವಾಗಿರುವುದರಿಂದ, ಬಾಯಿರುಚಿಗಾಗಿ ಕೂಡಿದ ಆ ಊಟವೇ ಒಂದು ಮಟ್ಟಿಗೆ ಚಿಕಿತ್ಸೆಯೂ ಆಗಿದೆ. ಆದರೆ ಊಟವನ್ನು ಹೊಗಳುವ ಭರದಲ್ಲಿ ಬಿ-12 ಜೀವಸತ್ತ್ವವನ್ನು ಮರೆಯಲಾಗದು: ಹಾಲು ಮೊಸರು ವಿರಳವಾದ ಸಸ್ಯಾಹಾರಿ ಮನೆಯಲ್ಲಿ ಅದು ಸಾಕಷ್ಟು ದೊರೆಯದು, ವರ್ಷಗಟ್ಟಲೆ ಮೆಟ್‌ಫಾರ್ಮಿನ್ ಸೇವಿಸುವ ಮಧುಮೇಹಿಯಲ್ಲಿ ಮತ್ತಷ್ಟು ಕುಂದಬಹುದು, ಅದರ ಬದಲಿಗೆ ಫೋಲಿಕ್ ಆಮ್ಲವನ್ನಷ್ಟೇ ನುಂಗುತ್ತಿದ್ದರೆ ರಕ್ತವು ಸುಧಾರಿಸಿದಂತೆ ತೋರುತ್ತಲೇ ನರಗಳ ಹಾನಿ ಒಳಗೊಳಗೇ ಸಾಗಬಹುದು.

ಬಿಸಿಲಿಗೆಂದೂ ಬರವಿಲ್ಲದ ಇಳಕಲ್ಲಿನಲ್ಲಿ ಕುಣಿಮಗ್ಗದೊಳಗೆ ಹಗಲೆಲ್ಲ ಕಾಲಿಳಿಬಿಟ್ಟು ಕುಳಿತ ನೇಕಾರನ ಮೈಗೆ ಆ ಬಿಸಿಲು ತಾಗದಿದ್ದರೆ ಡಿ ಜೀವಸತ್ತ್ವ ಕಡಮೆಯಾಗುವುದು ಸಹಜವೇ. ಹಾಗೆಂದು ವೈದ್ಯರು ವಾರಕ್ಕೊಂದರಂತೆ ಮಿತಕಾಲ ಹೇಳಿದ 60,000 ಯೂನಿಟ್ಟಿನ ಗುಳಿಗೆಯನ್ನು ದಿನವೂ ನುಂಗಿದರೆ, ಕೊಬ್ಬಿನಲ್ಲಿ ಕರಗಿ ದೇಹದಲ್ಲೇ ಸಂಚಯವಾಗುವ ಆ ಸತ್ತ್ವವು ರಕ್ತದಲ್ಲಿ ಕ್ಯಾಲ್ಸಿಯಮ್ಮನ್ನು ಏರಿಸಿ ಮೂತ್ರಪಿಂಡಗಳನ್ನು ಕೆಡಿಸಬಲ್ಲುದು.

ನನಗೆ ಅತ್ಯಂತ ವಿಚಿತ್ರವಾಗಿ ಕಾಣುವುದು ಮತ್ತೊಂದು. 60 ಮಿಲಿಗ್ರಾಂ ಕಬ್ಬಿಣ, 500 ಮೈಕ್ರೋಗ್ರಾಂ ಫೋಲಿಕ್ ಆಮ್ಲವುಳ್ಳ, ಗರ್ಭಿಣಿಯು ನಾಲ್ಕನೆಯ ತಿಂಗಳಿನಿಂದ 180 ದಿನ ಸೇವಿಸಬೇಕೆಂದು ಸರಕಾರವು ಪುಕ್ಕಟೆ ಕೊಡುವ ಕೆಂಪು ಗುಳಿಗೆಯು, ಪುಕ್ಕಟೆಯೆಂಬ ಕಾರಣದಿಂದಲೇ, ಇಲ್ಲವೆ ಓಕರಿಕೆ ಬರುವುದೆಂದೂ ಮಲ ಕಪ್ಪಾಗುವುದೆಂದೂ ಹೆದರಿ, ಗೋಡೆಯ ಮಾಡದಲ್ಲಿ ಉಳಿದುಹೋಗುತ್ತದೆ. ಅದೇ ಮನೆಯಲ್ಲಿ ಸಾಲ ಮಾಡಿ ತಂದ ಶಕ್ತಿಪುಡಿಯ ಡಬ್ಬಿ ದಿನಕ್ಕೆರಡು ಬಾರಿ ತೆರೆಯುತ್ತದೆ. ಮಲ ಕಪ್ಪಾಗುವುದು ನಿರಪಾಯ. ಓಕರಿಕೆಗೆ ಊಟದ ನಂತರ ನುಂಗುವುದೇ ಉಪಾಯ. ಚಹಾದೊಡನೆಯೋ ಕ್ಯಾಲ್ಸಿಯಂ ಗುಳಿಗೆಯೊಡನೆಯೋ ಸೇವಿಸಿದರೆ ಕಬ್ಬಿಣ ಸರಿಯಾಗಿ ಮೈಗೆ ಹತ್ತದು, ಲಿಂಬೆರಸದೊಡನೆ ಚೆನ್ನಾಗಿ ಹತ್ತುವುದು. ಮಕ್ಕಳ ಕೈಗೆ ಸಿಕ್ಕಿದರೆ ಮಾತ್ರ ಇದೇ ಗುಳಿಗೆ ಪ್ರಾಣಾಂತಿಕ.

ಇನ್ನು ಆ ಡಬ್ಬಿಯಾದರೋ, ಮಾರುವವನಿಗಿಂತ ಸತ್ಯವಂತ! 2016ರ ಆಹಾರ ಸುರಕ್ಷತಾ ನಿಯಮಗಳ ಮೇರೆಗೆ ತಾನು ಔಷಧವಲ್ಲವೆಂದು ಅದು ಮೈಮೇಲೆ ಬರೆದುಕೊಂಡಿರಬೇಕು. ಪರವಾನಗಿಯ ಸಂಖ್ಯೆಯೂ ಇರಬೇಕು. ಇಂಗ್ಲಿಷಿನ ಸಣ್ಣಕ್ಷರದ ಆ ಮಾತು ಹುನಗುಂದದ ಗಿರಾಕಿಯನ್ನು ಮುಟ್ಟುವ ಸಂಭವ ಕಡಮೆ; ಡಬ್ಬಿಯೊಳಗಿನದು ಬೇರೆ ಔಷಧಕ್ಕೆ ಅಡ್ಡಬರಲೂಬಹುದು. ಆದುದರಿಂದ ಥೈರಾಯ್ಡಿಗೋ ರಕ್ತ ಹೆಪ್ಪುಗಟ್ಟದಿರಲೋ ಔಷಧ ಸೇವಿಸುವವರು ಮುಂದಿನ ಸಲ ವೈದ್ಯರ ಬಳಿಗೆ ಹೋಗುವಾಗ ಡಬ್ಬಿಯನ್ನೇ ಚೀಲದಲ್ಲಿಟ್ಟುಕೊಂಡು ಹೋಗಿ ಅವರೆದುರು ಇಡುವುದು ಲೇಸು.