ಕೈಲಾಸಂ ನಾಟಕಕ್ಕೆ ನಗುವವರು

'ತಾಳಿಕಟ್ಟೋಕ್ಕೂಲೀನೇ' ಎಂಬ ಹೆಸರನ್ನು ಬರೀ ಕಣ್ಣಲ್ಲಿ ಓದಿದರೆ ಎಡವುತ್ತೇವೆ. ಬಾಯಿಬಿಟ್ಟು ಅಂದುಕೊಂಡರೆ ತಟ್ಟನೆ ಹೊಳೆಯುತ್ತದೆ. ತಾಳಿ ಕಟ್ಟುವುದಕ್ಕೂ ಕೂಲಿಯೇ ಎಂದು ಕೇಳುತ್ತಿದ್ದಾರೆ ಟಿ.ಪಿ. ಕೈಲಾಸಂ. ಪರೀಕ್ಷೆ ಪಾಸು ಮಾಡಿ, ಕೋಟು ತೊಟ್ಟು, ವರದಕ್ಷಿಣೆಗೆ ಕೈಚಾಚುವ ವರನನ್ನು ದಿನಗೂಲಿಯವರ ಸಾಲಿನಲ್ಲಿ ನಿಲ್ಲಿಸುವುದಕ್ಕೆ ಅವರಿಗೆ ಇಷ್ಟೇ ಸಾಕು. ಕೂಲಿಯವನಾದರೂ ಬೆನ್ನು ಬಗ್ಗಿಸುತ್ತಾನೆ. ವರನ ಕೆಲಸ ಮೂರು ಗಂಟು.

ಕೈಲಾಸಂ (1884–1946) ಕನ್ನಡದ ಮೊದಲ ಸಾಮಾಜಿಕ ನಾಟಕಕಾರರೆಂದು ಹೇಳಿಬಿಡುವ ರೂಢಿಯುಂಟು. ಅದು ಸರಿಯಲ್ಲ. ಕರ್ಕಿಯ ವೆಂಕಟರಮಣ ಶಾಸ್ತ್ರಿಗಳು 1887ರಷ್ಟು ಹಿಂದೆಯೇ 'ಇಗ್ಗಪ್ಪ ಹೆಗಡೆ ವಿವಾಹ ಪ್ರಹಸನ'ದಲ್ಲಿ ಹಣಕ್ಕೆ ಹೆಣ್ಣು ಕೊಡುವವರ ಮಾನ ಕಳೆದಿದ್ದರು. ಕೈಲಾಸಂ ಹೆಚ್ಚುಗಾರಿಕೆ ಬೇರೆ ಕಡೆ ಇದೆ. ಕಂಪನಿ ನಾಟಕಗಳಲ್ಲಿ ದೇವರು, ರಾಜರು, ಹಾಡಿನ ಮೇಲೆ ಹಾಡು ವಿಜೃಂಭಿಸುತ್ತಿದ್ದಾಗ ಅವರು ಬೆಂಗಳೂರು-ಮೈಸೂರು ಸೀಮೆಯ ಒಂದು ಮನೆಯ ಪಡಸಾಲೆಯನ್ನು ರಂಗಕ್ಕೆ ತಂದರು. ಅಲ್ಲಿಯವರು ಹೇಗೆ ಮಾತಾಡುತ್ತಾರೋ ಹಾಗೆಯೇ ಮಾತಾಡಿಸಿದರು. ಅವರು ಕೂತು ಬರೆದವರಲ್ಲ, ಹೇಳಿ ಬರೆಸಿದವರು. ಎಲ್ಲ ಪಾತ್ರಗಳನ್ನೂ ತಾವೇ ಆಡಿ ತೋರಿಸುತ್ತಿದ್ದರೆ ಗೆಳೆಯರು ಬರೆದುಕೊಳ್ಳುತ್ತಿದ್ದರು. ಆ ಮುದ್ರಿತ ಪುಟಗಳಲ್ಲಿ ನುಂಗಿದ ಸ್ವರ, ಅಂಟಿಕೊಂಡ ಪದ, ಅರ್ಧಕ್ಕೆ ನಿಂತ ವಾಕ್ಯ ಎಲ್ಲವೂ ಕೇಳಿಸುವುದು ಅದಕ್ಕೇ.

'ಟೊಳ್ಳುಗಟ್ಟಿ'ಯನ್ನೇ ನೋಡಿ. ಪರೀಕ್ಷೆಯಲ್ಲಿ ಗೆಲ್ಲುವ ಪುಟ್ಟು, ಸೋಲುವ ಮಾಧು. ಅಪ್ಪನಿಗೆ ಮೊದಲನೆಯವನ ಮೇಲೆ ಹೆಮ್ಮೆ. ಮನೆಗೆ ಒದಗುವವನು ಎರಡನೆಯವನು. ಮನೆಗೆ ಬೆಂಕಿ ಬೀಳುತ್ತದೆ, ಟೊಳ್ಳು ಯಾವುದು ಗಟ್ಟಿ ಯಾವುದು ಎಂಬುದು ಬಯಲಾಗುತ್ತದೆ. ಈ ಬೆಂಕಿ ನನಗೆ ಯಾವತ್ತೂ ಒಪ್ಪಿಗೆಯಾಗಿಲ್ಲ. ಅದು ನಾಟಕದೊಳಗಿಂದ ಹೊತ್ತಿಕೊಂಡದ್ದಲ್ಲ, ತೀರ್ಪು ಕೊಡಬೇಕೆಂದು ಕರ್ತೃವೇ ಹಚ್ಚಿದ್ದು. ಬೆಂಕಿ ಬೀಳದಿದ್ದರೆ ಮಾಧುವಿನ ಗತಿ ಏನಾಗುತ್ತಿತ್ತು ಎಂಬುದೇ ನಿಜವಾದ ಪ್ರಶ್ನೆಯಾಗಿತ್ತು. ಅದನ್ನು ಕೈಲಾಸಂ ಮುಟ್ಟಲಿಲ್ಲ. ಆದರೆ ಮಾರ್ಕಿನ ಲೆಕ್ಕದಲ್ಲಿ ಮಕ್ಕಳನ್ನು ತೂಗುವ ಅಪ್ಪನ ಮಾತಿನ ಧಾಟಿಯನ್ನು ಹಿಡಿದಿರುವ ರೀತಿ ನೂರು ವರ್ಷವಾದರೂ ಮುಕ್ಕಾಗಿಲ್ಲ. ಸಿಇಟಿ ಫಲಿತಾಂಶದ ದಿನ ಯಾವ ಮನೆಯ ಬಾಗಿಲಲ್ಲಿ ನಿಂತರೂ ಅದು ಕೇಳಿಸುತ್ತದೆ.

ಇಂಗ್ಲಿಷ್ ಬೆರೆತ ಕನ್ನಡ ಅವರ ಕೈಯಲ್ಲಿ ಬರೀ ಹಾಸ್ಯದ ಸಾಮಗ್ರಿಯಾಗಿರಲಿಲ್ಲ, ಕಟಕಟೆಯಲ್ಲಿ ನಿಂತ ಆರೋಪಿಯಾಗಿತ್ತು. 'ಬಂಡ್ವಾಳ್ವಿಲ್ಲದ ಬಡಾಯಿ'ಯ ವಕೀಲ ಅಹೋಬ್ಲುಗೆ ಇಂಗ್ಲಿಷೇ ಬಂಡವಾಳ. ಅದನ್ನು ಕಿತ್ತುಕೊಂಡರೆ ಉಳಿಯುವುದು ಖಾಲಿ ಕೋಟು. ಅದೇ ಕೈಲಾಸಂ ಕರ್ಣ, ಏಕಲವ್ಯ, ಕೀಚಕರ ಬಗ್ಗೆ ಗಂಭೀರವಾಗಿ ಬರೆಯಹೊರಟಾಗ ಹಿಡಿದದ್ದು ಇಂಗ್ಲಿಷನ್ನು! ಲಂಡನ್ನಿನಲ್ಲಿ ಭೂವಿಜ್ಞಾನ ಓದಿ ಬಂದ, ನ್ಯಾಯಾಧೀಶರ ಮಗ. ಮನೆಯ ಕೊಳಕು ತೊಳೆಯುವುದಕ್ಕೆ ಕನ್ನಡ, ಪುರಾಣದ ಘನತೆಗೆ ಇಂಗ್ಲಿಷು. ಇದನ್ನು ವಿರೋಧಾಭಾಸವೆಂದು ಕೈಬಿಡಬಹುದು. ನನಗೆ ಮಾತ್ರ ಅವರು ಅಹೋಬ್ಲುವನ್ನು ಅಷ್ಟು ಹತ್ತಿರದಿಂದ ಬಲ್ಲವರಾಗಿದ್ದಕ್ಕೆ ಇದೇ ಕಾರಣವೆನ್ನಿಸುತ್ತದೆ.

ನಗು ಬಿಟ್ಟು ನೇರವಾಗಿ ನೋವಿಗೆ ಕೈಹಾಕಿದ 'ಬಹಿಷ್ಕಾರ', 'ಸೂಳೆ'ಗಳಲ್ಲಿ ಅವರ ಧೈರ್ಯ ದೊಡ್ಡದು, ಹಿಡಿತ ಸಡಿಲ. ಕರುಣೆ ಉಕ್ಕಿದ ಕಡೆ ಮಾತು ಉದ್ದವಾಗುತ್ತದೆ. ಇನ್ನೊಂದು ಮಿತಿ ಇದಕ್ಕಿಂತ ಗಂಭೀರ: ಅವರ ರಂಗ ಬಹುತೇಕ ಬ್ರಾಹ್ಮಣ ಮಧ್ಯಮವರ್ಗದ ಹೊಸ್ತಿಲು ದಾಟುವುದಿಲ್ಲ. ಆಳು ಒಳಗೆ ಬಂದರೆ ನಗಿಸಿ ಹೋಗುತ್ತಾನೆ. ಅವನ ಮನೆಗೆ ನಾವು ಹೋಗುವುದಿಲ್ಲ. ಅತ್ತ ಧಾರವಾಡದಲ್ಲಿ ನಾಟಕಕಾರ ಶ್ರೀರಂಗರು 'ಹರಿಜನ್ವಾರ'ದಲ್ಲಿ ಅಸ್ಪೃಶ್ಯತೆಯನ್ನೇ ಎದುರಿಗಿಟ್ಟುಕೊಂಡರು. ಅವರ ಪಾತ್ರಗಳು ಕೆಲವೊಮ್ಮೆ ಪಾಠ ಹೇಳುತ್ತವೆ ನಿಜ, ಆದರೆ ಕೈಲಾಸಂ ನಿಂತ ಹೊಸ್ತಿಲಿಂದ ಆಚೆ ಕಾಲಿಟ್ಟವು. ಆಡುಮಾತನ್ನೇ ಅಸ್ತ್ರವಾಗಿಸುವ ಪಾಠ ಮಾತ್ರ ಕೈಲಾಸಂ ಅವರದೇ.

ಈಚೆಗೆ ಹವ್ಯಾಸಿ ತಂಡವೊಂದರ ಕೈಲಾಸಂ ಪ್ರಯೋಗ ನೋಡಿದೆ. ನಟರು ಪ್ರತಿಯೊಂದು ಇಂಗ್ಲಿಷ್ ಪದಕ್ಕೂ ಮೂಗು ಎಳೆದು, ಹುಬ್ಬು ಹಾರಿಸಿ ಹೇಳುತ್ತಿದ್ದರು. ಸಭೆ ನಗುತ್ತಿತ್ತು. ವಿರಾಮದಲ್ಲಿ ನನ್ನ ಹಿಂದಿನ ಸಾಲಿನ ಯುವಕ ಫೋನಿನಲ್ಲಿ "ಮೀಟಿಂಗ್ ಪೋಸ್ಟ್‌ಪೋನ್ ಮಾಡ್ಬಿಡೋಣ, ಲಿಂಕ್ ಫಾರ್ವರ್ಡ್ ಮಾಡ್ತೀನಿ, ಕನ್ಫರ್ಮ್ ಮಾಡ್ಬಿಡಿ" ಅನ್ನುತ್ತಿದ್ದ. ಮತ್ತೆ ಪರದೆ ಎದ್ದಾಗ ಎಲ್ಲರಿಗಿಂತ ಜೋರಾಗಿ ನಕ್ಕವನೂ ಅವನೇ. ತಪ್ಪು ಅವನದಲ್ಲ. ಹುಬ್ಬು ಹಾರಿಸದೆ, ನಾವು ದಿನವೂ ಆಡುವಷ್ಟೇ ಸಲೀಸಾಗಿ ಆ ಮಾತುಗಳನ್ನು ಹೇಳಿದ್ದರೆ ಅವನು ಎಲ್ಲಿ ನಗುತ್ತಿದ್ದ, ಎಲ್ಲಿ ಸುಮ್ಮನಾಗುತ್ತಿದ್ದ ಎಂದು ನೋಡಬೇಕೆನಿಸಿತು. ನಿರ್ದೇಶಕರು ಅದಕ್ಕೆ ಅವಕಾಶ ಕೊಡಲಿಲ್ಲ.